ಎಂಡೊಮೆಟ್ರಿಯೋಸಿಸ್‌ಗೆ ಕೀಹೋಲ್ ಸರ್ಜರಿ: ಆಪರೇಷನ್‌ಗೆ ಮುಂಚೆ ತಿಳಿದಿರಬೇಕಾದ ಮಾತು

ಮೂರ್ನಾಲ್ಕು ಚಿಕ್ಕ ತೂತು, ಒಂದೋ ಎರಡೋ ದಿನ ಆಸ್ಪತ್ರೆ, ಆಮೇಲೆ ಮನೆಗೆ. ಎಂಡೊಮೆಟ್ರಿಯೋಸಿಸ್‌ಗೆ ಲ್ಯಾಪ್ರೊಸ್ಕೋಪಿ ಮಾಡೋಣ ಎಂದು ಡಾಕ್ಟರ್ ಹೇಳಿದಾಗ ಹೆಚ್ಚಿನ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಇಷ್ಟೇ. ಇದು ಸುಳ್ಳೇನಲ್ಲ. ಆದರೆ ಇದು ಹೊಟ್ಟೆಯ ಮೇಲೆ ಕಾಣುವ ಲೆಕ್ಕ. ಒಳಗಿನ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಬಹುದು, ಐದಾರು ಗಂಟೆಯೂ ಹಿಡಿಯಬಹುದು. ಹೊರಗಿನ ಗಾಯ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹಾಗಾಗಿ ತೂತಿನ ಅಳತೆ ನೋಡಿ ಆಪರೇಷನ್ನಿನ ಅಳತೆ ಊಹಿಸಿದರೆ ಆಮೇಲೆ ನಿರಾಸೆಯಾಗುತ್ತದೆ. ಒಳಗೆ ಏನನ್ನು ತೆಗೆಯುತ್ತಾರೆ, ಯಾರು ತೆಗೆಯುತ್ತಾರೆ, ತೆಗೆದ ಮೇಲೆ ಮುಂದೇನು ಎನ್ನುವ ಮೂರು ವಿಷಯ ಮೊದಲೇ ಗೊತ್ತಿದ್ದರೆ ಮಾತ್ರ ಈ ಸರ್ಜರಿಯಿಂದ ಎಷ್ಟು ನಿರೀಕ್ಷಿಸಬಹುದು ಎಂದು ಹೇಳಲು ಬರುತ್ತದೆ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಅಂಡಾಶಯದಲ್ಲಿ, ಗರ್ಭಕೋಶದ ಹಿಂದೆ, ಮೂತ್ರಚೀಲದ ಮೇಲೆ, ಕರುಳಿನ ಗೋಡೆಯಲ್ಲಿ, ಅಪರೂಪಕ್ಕೆ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಮೇಲೂ ಇದು ಬೆಳೆಯುತ್ತದೆ. ಅಲ್ಲಿ ಉರಿಯೂತ ಹುಟ್ಟುತ್ತದೆ, ಗಾಯದ ಕಲೆ ಗಟ್ಟಿಯಾಗುತ್ತದೆ, ಪಕ್ಕಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಟ್ಟಿನ ವಿಪರೀತ ನೋವು, ಲೈಂಗಿಕ ಕ್ರಿಯೆಯಲ್ಲಿ ನೋವು, ಮಲವಿಸರ್ಜನೆ ಮಾಡುವಾಗ ನೋವು, ಗರ್ಭ ನಿಲ್ಲದಿರುವುದು ಎಲ್ಲಕ್ಕೂ ಇದು ಕಾರಣವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಗು ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 10 ಶೇಕಡಾ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಜನರಿಗೆ ಇದು ಇದೆ. ಇಷ್ಟು ಜನರನ್ನು ಕಾಡುವ ಕಾಯಿಲೆ ಪತ್ತೆಯಾಗಲು ವರ್ಷಗಟ್ಟಲೆ ಹಿಡಿಯುತ್ತದೆ. 'ಮುಟ್ಟು ಅಂದ ಮೇಲೆ ನೋವು ಇದ್ದದ್ದೇ' ಎಂದು ಕೇಳಿ ಕೇಳಿ ಸುಮ್ಮನಾದವರೇ ಜಾಸ್ತಿ.

ಕಾಯಿಲೆಗೆ ಮೂರು ರೂಪ ಇದೆ. ಒಂದು, ಹೊಟ್ಟೆಯ ಒಳಗೋಡೆಯ ತೆಳು ಪೊರೆಯ ಮೇಲೆ ಅಲ್ಲಲ್ಲಿ ಚುಕ್ಕೆಯಂತೆ ಕಾಣುವುದು. ಇನ್ನೊಂದು ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲ. ಅದರೊಳಗಿನ ದ್ರವ ಕಂದು ಬಣ್ಣ, ಹಾಗಾಗಿ ಎಲ್ಲರೂ ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಮೂರನೆಯದು ಪೊರೆಯನ್ನು ದಾಟಿ 5 ಮಿಲಿಮೀಟರ್‌ಗಿಂತ ಆಳಕ್ಕೆ ಇಳಿದ ಕಾಯಿಲೆ. ಕರುಳು, ಮೂತ್ರಚೀಲ, ಮೂತ್ರನಾಳಗಳನ್ನು ಹಿಡಿಯುವುದು ಹೆಚ್ಚಾಗಿ ಇದೇ. ಇಬ್ಬರು ಹೆಂಗಸರಿಗೆ ಒಂದೇ ಹೆಸರಿನ ಆಪರೇಷನ್ ಆಗಿ, ಒಬ್ಬರು ಮೂರೇ ದಿನದಲ್ಲಿ ಓಡಾಡಿ, ಇನ್ನೊಬ್ಬರು ತಿಂಗಳಾದರೂ ಸುಧಾರಿಸಿಕೊಳ್ಳುತ್ತಿದ್ದರೆ ವ್ಯತ್ಯಾಸ ಬಹುಪಾಲು ಇಲ್ಲಿಯದು. ಪಕ್ಕದವರ ಅನುಭವ ಕೇಳಿ ಧೈರ್ಯ ತಂದುಕೊಳ್ಳುವುದಾಗಲಿ, ಹೆದರುವುದಾಗಲಿ ಅಷ್ಟು ಪ್ರಯೋಜನವಿಲ್ಲದ ಕೆಲಸ.

ಸ್ಟೇಜ್ ಎನ್ನುವ ಮಾತೂ ಗೊಂದಲ ಮಾಡುತ್ತದೆ. ಕಾಯಿಲೆಯನ್ನು 1ರಿಂದ 4ರವರೆಗೆ ಹಂತ ಮಾಡುತ್ತಾರೆ. ಕ್ಯಾನ್ಸರ್‌ನ ಸ್ಟೇಜ್‌ನಂತೆ ಇದನ್ನು ಓದಬಾರದು. ಇದು ಗಾಯಗಳು, ಅಂದರೆ ಕಾಯಿಲೆ ಬೆಳೆದ ಜಾಗಗಳು, ಎಲ್ಲಿವೆ, ಎಷ್ಟು ಹರಡಿವೆ, ಎಷ್ಟು ಅಂಟಿಕೊಂಡಿವೆ ಎನ್ನುವುದರ ಅಂಕ. ನೋವಿಗೂ ಈ ಅಂಕಕ್ಕೂ ಸರಿಯಾದ ಹೊಂದಾಣಿಕೆ ಇಲ್ಲ. ಮೊದಲ ಹಂತದವಳು ನೋವಿನಿಂದ ನೆಲ ಹಿಡಿಯಬಹುದು. ನಾಲ್ಕನೇ ಹಂತ ಇದ್ದವಳಿಗೆ ಮಗುವಾಗಲಿಲ್ಲ ಎಂದು ಪರೀಕ್ಷೆ ಮಾಡಿಸುವವರೆಗೂ ಏನೂ ಗೊತ್ತಾಗದೇ ಇರಬಹುದು. 'ಸ್ಟೇಜ್ ಒಂದೇ ಅಲ್ವಾ, ಇಷ್ಟೊಂದು ನೋವು ಹೇಗೆ?' ಎಂದು ಯಾರಾದರೂ ಕೇಳಿದರೆ ತಪ್ಪು ಕೇಳಿದವರದು.

ಸರ್ಜರಿ ಬೇಕೇ?

ಹಿಂದೆ ಎಂಡೊಮೆಟ್ರಿಯೋಸಿಸ್ ಇದೆ ಎಂದು ಖಚಿತವಾಗಿ ಹೇಳಬೇಕಾದರೆ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡಲೇಬೇಕು ಎನ್ನುವ ನಂಬಿಕೆ ಇತ್ತು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಇದನ್ನು ಬದಲಾಯಿಸಿತು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದಾಗ, ಅಥವಾ ಔಷಧಿಯಿಂದ ಗುಣ ಸಿಗದಿದ್ದಾಗ, ಅಥವಾ ಔಷಧಿ ಆಗಿಬರದಿದ್ದಾಗ ಮಾತ್ರ ರೋಗಪತ್ತೆಗೆ ಲ್ಯಾಪ್ರೊಸ್ಕೋಪಿ ಎಂದು ಅದು ಹೇಳುತ್ತದೆ. ಇದು ದೊಡ್ಡ ಬದಲಾವಣೆ. ಸುಮ್ನೆ 'ಒಳಗೆ ನೋಡೋಣ' ಎಂದು ಆಪರೇಷನ್‌ಗೆ ಹೋಗುವ ಕಾಲ ಮುಗಿಯುತ್ತಾ ಬಂದಿದೆ. ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ನುರಿತವರ ಕೈಯಲ್ಲಿ ಚಾಕೊಲೇಟ್ ಸಿಸ್ಟನ್ನೂ ಆಳದ ಗಂಟುಗಳನ್ನೂ ಚೆನ್ನಾಗಿ ತೋರಿಸುತ್ತವೆ. ಪೊರೆಯ ಮೇಲಿನ ಚುಕ್ಕೆಗಳನ್ನು ತೋರಿಸುವುದು ಕಷ್ಟ. ಆದ್ದರಿಂದ ಸ್ಕ್ಯಾನ್ ನಾರ್ಮಲ್ ಎಂದರೆ ಕಾಯಿಲೆ ಇಲ್ಲ ಎಂದು ಅರ್ಥವಲ್ಲ. ಈ ಮಾತನ್ನು ರಿಪೋರ್ಟ್ ಕೈಗೆ ಕೊಡುವಾಗಲೇ ಹೇಳಿಬಿಟ್ಟರೆ ಎಷ್ಟೋ ಹೆಣ್ಣುಮಕ್ಕಳು ತಮ್ಮ ನೋವನ್ನೇ ಅನುಮಾನಿಸುವುದು ತಪ್ಪುತ್ತದೆ.

ಹಾರ್ಮೋನ್ ಮಾತ್ರೆಯಿಂದ ನೋವು ಹತೋಟಿಗೆ ಬಂದರೆ ಬಹಳ ಜನರಿಗೆ ಸರ್ಜರಿ ಬೇಕಾಗುವುದೇ ಇಲ್ಲ. ಮಾತ್ರೆ ಕೆಲಸ ಮಾಡದಿದ್ದಾಗ, ಅಡ್ಡಪರಿಣಾಮ ತಾಳಲಾಗದಿದ್ದಾಗ, ಗರ್ಭ ಧರಿಸಲು ಪ್ರಯತ್ನಿಸುತ್ತಿರುವುದರಿಂದ ಹಾರ್ಮೋನ್ ತೆಗೆದುಕೊಳ್ಳಲು ಆಗದಿದ್ದಾಗ ಸರ್ಜರಿಯ ಮಾತು ಬರುತ್ತದೆ. ಮೂತ್ರನಾಳ ಬಿಗಿದು ಕಿಡ್ನಿ ಊದಿಕೊಂಡಿದ್ದರೆ, ಕರುಳಿನ ದಾರಿ ಕಟ್ಟಿಕೊಳ್ಳುತ್ತಿದ್ದರೆ ಕಾಯುವಂತಿಲ್ಲ.

ಆಪರೇಷನ್ ಕೋಣೆಯಲ್ಲಿ

ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯವಾಗಿ ಊಟ ಆರು ಗಂಟೆ ಮುಂಚೆ ನಿಲ್ಲಿಸಿ, ನೀರನ್ನು ಎರಡು ಗಂಟೆ ಮುಂಚಿನವರೆಗೆ ಕುಡಿಯಲು ಬಿಡುತ್ತಾರೆ. ಆಸ್ಪತ್ರೆಯವರು ಬೇರೆ ಹೇಳಿದರೆ ಅವರ ಮಾತೇ ಕೊನೆ. ಕರುಳಿನ ಕೆಲಸ ಇರಬಹುದು ಎಂದಿದ್ದರೆ ಅದನ್ನು ಖಾಲಿ ಮಾಡಲು ಔಷಧಿ ಕೊಡಬಹುದು. ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಹೊಕ್ಕುಳಲ್ಲಿ ಒಂದು ಸೆಂಟಿಮೀಟರ್‌ನಷ್ಟು ಕೊಯ್ದು ಕಾರ್ಬನ್ ಡೈ ಆಕ್ಸೈಡ್ ಅನಿಲ ತುಂಬುತ್ತಾರೆ. ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದಷ್ಟು. ಹೊಟ್ಟೆಯ ಗೋಡೆ ಮೇಲೆದ್ದು ಅಂಗಗಳ ನಡುವೆ ಜಾಗ ಸಿಗಲಿ ಎಂದು ಇದು. ಮೇಜನ್ನು ತಲೆ ಕೆಳಗೆ ಬರುವಂತೆ ಓರೆ ಮಾಡುತ್ತಾರೆ. ಕರುಳು ಎದೆಯ ಕಡೆಗೆ ಸರಿದು ಕಿಬ್ಬೊಟ್ಟೆ ತೆರವಾಗುತ್ತದೆ. ಹೊಕ್ಕುಳಿನಿಂದ ಕ್ಯಾಮೆರಾ, ಕೆಳಗಿನ ಎರಡು ಮೂರು ಅರ್ಧ ಸೆಂಟಿಮೀಟರ್ ತೂತುಗಳಿಂದ ಕತ್ತರಿ, ಚಿಮಟ, ಸುಡುವ ಸಾಧನ ಒಳಗೆ ಹೋಗುತ್ತವೆ. ಗರ್ಭಕೋಶವನ್ನು ಅತ್ತಿತ್ತ ಸರಿಸಲು ಯೋನಿಯ ಕಡೆಯಿಂದಲೂ ಒಂದು ಸಾಧನ ಇಡುತ್ತಾರೆ. ಎಚ್ಚರವಾದ ಮೇಲೆ ಸ್ವಲ್ಪ ರಕ್ತ ಕಂಡು ಗಾಬರಿಯಾಗುವವರಿದ್ದಾರೆ. ಅದಕ್ಕೆ ಇದೂ ಒಂದು ಕಾರಣ.

ಗಾಯವನ್ನು ತೆಗೆಯಲು ಎರಡು ದಾರಿ. ಮೇಲಿನಿಂದ ಸುಟ್ಟುಬಿಡುವುದು ಒಂದು, ಸುತ್ತಲಿನಿಂದ ಬಿಡಿಸಿ ಕತ್ತರಿಸಿ ಹೊರತೆಗೆಯುವುದು ಇನ್ನೊಂದು. ಪೊರೆಯ ಮೇಲಿನ ಸಣ್ಣ ಚುಕ್ಕೆಗಳ ಮಟ್ಟಿಗೆ ಎರಡರ ನಡುವಿನ ವ್ಯತ್ಯಾಸದ ಬಗ್ಗೆ ತಜ್ಞರ ವಾದ ಇನ್ನೂ ನಡೆದಿದೆ. ಆದರೂ ಯುರೋಪಿನ ಮಾರ್ಗಸೂಚಿ ಕತ್ತರಿಸಿ ತೆಗೆಯುವುದರ ಕಡೆಗೇ ವಾಲುತ್ತದೆ. ನನಗೂ ಅದೇ ಸರಿ ಅನಿಸುತ್ತದೆ. ಕತ್ತರಿಸಿ ತೆಗೆದ ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿ ಇದು ನಿಜವಾಗಿ ಎಂಡೊಮೆಟ್ರಿಯೋಸಿಸ್ಸೇ ಎಂದು ನೋಡಬಹುದು, ಸುಟ್ಟದ್ದನ್ನು ನೋಡಲಾಗುವುದಿಲ್ಲ. ಆಳಕ್ಕೆ ಇಳಿದ ಗಂಟಿನ ಮೇಲ್ಭಾಗ ಸುಟ್ಟರೆ ಬುಡ ಹಾಗೇ ಉಳಿಯುತ್ತದೆ ಎನ್ನುವುದೂ ಇದೆ. 'ಸುಡುತ್ತೀರೋ, ಕತ್ತರಿಸಿ ತೆಗೆಯುತ್ತೀರೋ' ಎಂದು ಮೊದಲೇ ಕೇಳಲು ಸಂಕೋಚ ಬೇಡ.

ಚಾಕೊಲೇಟ್ ಸಿಸ್ಟ್‌ನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಲಾಭ ನಷ್ಟ ಎರಡೂ ಒಂದೇ ಜಾಗದಲ್ಲಿವೆ. ದ್ರವವನ್ನು ಹೀರಿ ಬಿಟ್ಟರೆ ಸಿಸ್ಟ್ ಬೇಗನೆ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ಅದರ ಗೋಡೆಯನ್ನು ಅಂಡಾಶಯದಿಂದ ಸುಲಿದು ತೆಗೆಯುತ್ತಾರೆ. ಆಗ ಮರುಕಳಿಸುವುದು ಕಡಿಮೆಯಾಗುತ್ತದೆ, ನೋವೂ ಕಡಿಮೆಯಾಗುತ್ತದೆ. ಆದರೆ ಸುಲಿಯುವಾಗ ಸಿಸ್ಟಿಗೆ ಅಂಟಿದ ಆರೋಗ್ಯವಂತ ಅಂಡಾಶಯದ ತುಣುಕೂ ಜೊತೆಗೆ ಬರುತ್ತದೆ. ಅದರಲ್ಲಿ ಅಂಡಾಣುಗಳಿರುತ್ತವೆ. ರಕ್ತ ನಿಲ್ಲಿಸಲು ಸುಟ್ಟರೆ ಇನ್ನಷ್ಟು ಹೋಗುತ್ತವೆ. ಅಂಡಾಣುಗಳ ಉಳಿಕೆಯನ್ನು ಸೂಚಿಸುವ ಎಎಂಎಚ್ ಎಂಬ ರಕ್ತಪರೀಕ್ಷೆಯ ಅಂಕ ಈ ಸರ್ಜರಿಯ ನಂತರ ಇಳಿಯುತ್ತದೆ. ಎರಡೂ ಕಡೆ ಸಿಸ್ಟ್ ಇದ್ದರೆ ಜಾಸ್ತಿ ಇಳಿಯುತ್ತದೆ. ಎರಡನೇ ಬಾರಿ ಅದೇ ಅಂಡಾಶಯಕ್ಕೆ ಕೈ ಹಾಕಿದರೆ ಇನ್ನೂ ತೊಂದರೆ. ಮುಂದೆ ಮಗು ಬೇಕು ಎನ್ನುವವರು ಆಪರೇಷನ್‌ಗೆ ಮುಂಚೆ ಎಎಂಎಚ್ ನೋಡಿಸಿ, ಅಂಡಾಣು ಕಾಪಿಡುವ ಬಗ್ಗೆಯೂ ಆಗಲೇ ಮಾತಾಡಬೇಕು. ಆಮೇಲೆ ಮಾತಾಡಿದರೆ ಅರ್ಧ ಅವಕಾಶ ಕೈಬಿಟ್ಟು ಹೋಗಿರುತ್ತದೆ.

ಕರುಳಿಗೆ ಹಿಡಿದಿದ್ದರೆ ಅದು ಬೇರೆಯೇ ಮಟ್ಟದ ಆಪರೇಷನ್. ಗಂಟನ್ನು ಕರುಳಿನ ಮೇಲಿನಿಂದ ಹೆರೆದು ತೆಗೆಯಬಹುದು, ಗೋಡೆಯ ಒಂದು ಬಿಲ್ಲೆಯಷ್ಟು ಭಾಗ ಕತ್ತರಿಸಿ ಹೊಲಿಯಬಹುದು, ಅಥವಾ ಆ ತುಂಡನ್ನೇ ತೆಗೆದು ಎರಡು ತುದಿ ಜೋಡಿಸಬೇಕಾಗಬಹುದು. ಜೋಡಿಸಿದ ಜಾಗ ಸೋರುವ ಅಪಾಯ ಇದೆ. ಕೆಲವೊಮ್ಮೆ ಅದು ವಾಸಿಯಾಗುವವರೆಗೆ ಮಲ ಹೊರಹೋಗಲು ಹೊಟ್ಟೆಯ ಮೇಲೆ ತಾತ್ಕಾಲಿಕ ದಾರಿ ಮಾಡುತ್ತಾರೆ. ಆ ಭಾಗದ ನರಗಳಿಗೆ ಪೆಟ್ಟಾದರೆ ಮೂತ್ರ ಪೂರ್ತಿ ಖಾಲಿಯಾಗದೆ ಕೆಲವು ದಿನ, ಕೆಲವರಿಗೆ ಕೆಲವು ವಾರ ನಳಿಕೆ ಇಟ್ಟುಕೊಳ್ಳಬೇಕಾಗುತ್ತದೆ. ಇದನ್ನೆಲ್ಲ ಸಹಿ ಹಾಕುವ ಹೊತ್ತಿನಲ್ಲಿ ಮೊದಲ ಬಾರಿ ಕೇಳುವಂತಾಗಬಾರದು. ಇಂಥ ಆಪರೇಷನ್‌ನಲ್ಲಿ ಸ್ತ್ರೀರೋಗ ತಜ್ಞರ ಜೊತೆ ಕರುಳಿನ ಸರ್ಜನ್, ಬೇಕಿದ್ದರೆ ಮೂತ್ರಾಂಗದ ಸರ್ಜನ್ ಇರಬೇಕು. ವಾರಕ್ಕೆ ಹತ್ತಾರು ಹೆರಿಗೆ ಮಾಡಿಸುವ ಒಳ್ಳೆಯ ವೈದ್ಯರಿಗೂ ಆಳದ ಎಂಡೊಮೆಟ್ರಿಯೋಸಿಸ್ ಅಭ್ಯಾಸ ಇಲ್ಲದಿರಬಹುದು. ಅವರ ಸಾಮರ್ಥ್ಯದ ಬಗ್ಗೆ ಇದು ಕೆಟ್ಟ ಮಾತಲ್ಲ. ಈ ಕೆಲಸವೇ ಬೇರೆ. ಅರ್ಧ ತೆಗೆದು ಹೊಟ್ಟೆ ಮುಚ್ಚಿದರೆ ಎರಡನೇ ಆಪರೇಷನ್ ಮೊದಲಿನದಕ್ಕಿಂತ ಕಷ್ಟವಾಗುತ್ತದೆ, ಏಕೆಂದರೆ ಈ ಸಲ ಹಳೆಯ ಆಪರೇಷನ್ನಿನ ಅಂಟುಗಳೂ ಸೇರಿರುತ್ತವೆ.

ರೋಬೋಟ್ ಬಗ್ಗೆ ಜಾಹೀರಾತು ಜೋರು. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ, ಸರ್ಜನ್ ಕೂತು ಅದರ ಕೈಗಳನ್ನು ಆಡಿಸುತ್ತಾರೆ. ಎಂಡೊಮೆಟ್ರಿಯೋಸಿಸ್‌ಗೆ ರೋಬೋಟ್ ಮತ್ತು ಸಾಮಾನ್ಯ ಲ್ಯಾಪ್ರೊಸ್ಕೋಪಿಯನ್ನು ಚೀಟಿ ಎತ್ತಿದಂತೆ ಹಂಚಿ ಹೋಲಿಸಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ತಗುಲಿದ ಸಮಯ, ರಕ್ತ ಹೋದದ್ದು, ತೊಂದರೆಗಳು, ಆಮೇಲಿನ ಬದುಕಿನ ಗುಣಮಟ್ಟ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಾಧನಕ್ಕಿಂತ ಹಿಡಿದ ಕೈ ಮುಖ್ಯ.

ಅಪಾಯದ ಲೆಕ್ಕವನ್ನೂ ಹೇಳಬೇಕು. ಒಳಗೆ ನೋಡಲಿಕ್ಕಷ್ಟೇ ಮಾಡುವ ಲ್ಯಾಪ್ರೊಸ್ಕೋಪಿಯಲ್ಲಿ ಗಂಭೀರ ತೊಂದರೆ ಸುಮಾರು 1000ಕ್ಕೆ 2 ಎಂದು ಬ್ರಿಟನ್ನಿನ ಸ್ತ್ರೀರೋಗ ತಜ್ಞರ ಕಾಲೇಜು ರೋಗಿಗಳಿಗೆ ತಿಳಿಸಲು ಹೇಳುತ್ತದೆ. ಕರುಳು, ಮೂತ್ರಚೀಲ, ಮೂತ್ರನಾಳ ಅಥವಾ ದೊಡ್ಡ ರಕ್ತನಾಳಕ್ಕೆ ಪೆಟ್ಟಾಗುವುದು ಈ ಲೆಕ್ಕದಲ್ಲಿ ಬರುತ್ತದೆ. ಆಳದ ಕಾಯಿಲೆಯ ಆಪರೇಷನ್‌ನಲ್ಲಿ ಅಪಾಯ ಇದಕ್ಕಿಂತ ಜಾಸ್ತಿ. ಅಪರೂಪಕ್ಕೆ ಮಧ್ಯದಲ್ಲಿ ಹೊಟ್ಟೆ ತೆರೆಯಬೇಕಾಗುತ್ತದೆ. ಹಾಗಾದರೆ ಆಪರೇಷನ್ ಕೆಟ್ಟಿತು ಎಂದುಕೊಳ್ಳಬೇಡಿ. ಬಹಳ ಸಲ ಅದು ಸರ್ಜನ್ ತೆಗೆದುಕೊಂಡ ಎಚ್ಚರಿಕೆಯ ತೀರ್ಮಾನ.

ಎದ್ದ ಮೇಲೆ

ಎಚ್ಚರವಾದಾಗ ಹೊಟ್ಟೆಗಿಂತ ಭುಜ ನೋಯುತ್ತಿದೆ ಎಂದು ಅಚ್ಚರಿಪಡುವವರು ತುಂಬಾ ಜನ. ಉಳಿದ ಅನಿಲ ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಮತ್ತು ಭುಜದ ನರ ಕುತ್ತಿಗೆಯ ಒಂದೇ ಭಾಗದಿಂದ ಹೊರಡುತ್ತವೆ. ಹಾಗಾಗಿ ಮಿದುಳಿಗೆ ನೋವು ಭುಜದಲ್ಲಿದೆ ಎಂದೇ ತೋರುತ್ತದೆ. ಎರಡು ಮೂರು ದಿನದಲ್ಲಿ ದೇಹ ಅನಿಲವನ್ನು ಹೀರಿಕೊಂಡ ಮೇಲೆ ಇದು ಹೋಗುತ್ತದೆ. ಎದ್ದು ನಿಧಾನವಾಗಿ ಓಡಾಡಿದರೆ ಆರಾಮ ಸಿಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ತಗ್ಗುತ್ತದೆ. ಹೊಟ್ಟೆ ಉಬ್ಬರ, ಮಲಬದ್ಧತೆ, ಉಸಿರುನಾಳದ ಕೊಳವೆಯಿಂದ ಗಂಟಲು ಕೆರೆತ, ಕೆಲವು ದಿನ ವಿಪರೀತ ಸುಸ್ತು, ಇವೆಲ್ಲ ಬರುವಂಥವೇ.

ಚಿಕ್ಕ ಆಪರೇಷನ್ ಆದರೆ ಅದೇ ದಿನ ಅಥವಾ ಮರುದಿನ ಮನೆಗೆ ಕಳಿಸುತ್ತಾರೆ. ಕೂತು ಮಾಡುವ ಕೆಲಸಕ್ಕೆ ಒಂದರಿಂದ ಎರಡು ವಾರದಲ್ಲಿ ಮರಳಬಹುದು. ಆಳದ ಕಾಯಿಲೆ ತೆಗೆದಿದ್ದರೆ ನಾಲ್ಕರಿಂದ ಆರು ವಾರ, ಕರುಳಿನ ತುಂಡು ತೆಗೆದಿದ್ದರೆ ಇನ್ನೂ ಹೆಚ್ಚು. ಚರ್ಮದ ಹೊಲಿಗೆ ಬೇಗ ಒಣಗುತ್ತದೆ, ನೋಡುವವರಿಗೆ ಎಲ್ಲ ಸರಿಹೋದಂತೆ ಕಾಣುತ್ತದೆ. ಒಳಗಿನ ಗಾಯ ಆಗ ಇನ್ನೂ ಅರ್ಧವೂ ಮಾಗಿರುವುದಿಲ್ಲ. ಮನೆಯವರಿಗೆ ಇದನ್ನು ಮೊದಲೇ ವಿವರಿಸಿಟ್ಟರೆ ಒಳ್ಳೆಯದು. 'ಇನ್ನೂ ಮಲಗಿದ್ದೀಯಾ' ಎನ್ನುವ ಮಾತು ಹೊಲಿಗೆಗಿಂತ ಜಾಸ್ತಿ ನೋಯಿಸುತ್ತದೆ.

ಆಪರೇಷನ್ ಆದ ಮೇಲಿನ ಮೊದಲ ಮುಟ್ಟು ಹಿಂದಿಗಿಂತ ಜೋರಾಗಿಯೂ ಬರಬಹುದು. ಆಪರೇಷನ್ ಫೇಲಾಯಿತು ಎಂದು ಆಗಲೇ ಅತ್ತುಬಿಡಬೇಡಿ. ಒಳಗೆ ಗಾಯ ಹಸಿಯಾಗಿದೆ. ಮೂರ್ನಾಲ್ಕು ತಿಂಗಳು ನೋಡಿದರೆ ಮಾತ್ರ ನಿಜವಾದ ಫಲ ಗೊತ್ತಾಗುತ್ತದೆ. ಆದರೆ ಕೆಲವು ಲಕ್ಷಣಗಳಿಗೆ ಒಂದು ರಾತ್ರಿಯೂ ಕಾಯಬಾರದು. ದಿನದಿಂದ ದಿನಕ್ಕೆ ಕಡಿಮೆಯಾಗುವ ಬದಲು ಏರುವ ಹೊಟ್ಟೆನೋವು, ಜ್ವರ, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ಪ್ಯಾಡ್ ಮೇಲೆ ಪ್ಯಾಡ್ ತುಂಬುವ ರಕ್ತ, ಒಂದೇ ಕಾಲು ಊದಿ ನೋಯುವುದು, ಉಸಿರಾಟದ ಕಷ್ಟ. ಆಪರೇಷನ್ ವೇಳೆ ಕರುಳಿಗಾದ ಪೆಟ್ಟು ಕೆಲವೊಮ್ಮೆ ಮನೆಗೆ ಹೋದ ಹಲವು ದಿನಗಳ ನಂತರ ಹೊರಬೀಳುತ್ತದೆ. 'ಆಪರೇಷನ್ ಆದ ಮೇಲೆ ನೋವು ಇದ್ದದ್ದೇ' ಎಂದು ಹಲ್ಲು ಕಚ್ಚಿ ಕೂತವರಿಗೇ ಅಪಾಯ ಜಾಸ್ತಿ.

ನೋವು ಹೋಗುತ್ತದಾ?

ಎಲ್ಲರೂ ಕೇಳಲು ಬಯಸುವ ಪ್ರಶ್ನೆ ಇದು. ಬಹಳ ಜನರಿಗೆ ಕಡಿಮೆಯಾಗುತ್ತದೆ. ಎಲ್ಲರಿಗೂ ಅಲ್ಲ, ಶಾಶ್ವತವಾಗಿಯೂ ಅಲ್ಲ. 1994ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ 63 ಹೆಂಗಸರಲ್ಲಿ ಕೆಲವರಿಗೆ ಲೇಸರ್‌ನಿಂದ ಗಾಯ ತೆಗೆದರು, ಉಳಿದವರಿಗೆ ಒಳಗೆ ನೋಡಿ ಬಿಟ್ಟರು. ಯಾರಿಗೆ ಏನಾಯಿತು ಎಂದು ಅವರಿಗೆ ಹೇಳಲಿಲ್ಲ. ಆರು ತಿಂಗಳಾದ ಮೇಲೆ ಚಿಕಿತ್ಸೆ ಪಡೆದವರಲ್ಲಿ 62.5 ಶೇಕಡಾ ಮಂದಿಗೆ ಸುಧಾರಣೆ ಇತ್ತು, ಸುಮ್ಮನೆ ನೋಡಿ ಬಿಟ್ಟವರಲ್ಲಿ 22.6 ಶೇಕಡಾ ಮಂದಿಗೆ. ಹತ್ತು ವರ್ಷದ ನಂತರ, 2004ರಲ್ಲಿ ಪ್ರಕಟವಾದ 39 ಹೆಂಗಸರ ಇನ್ನೊಂದು ಪ್ರಯೋಗದಲ್ಲಿ ಗಾಯವನ್ನು ಕತ್ತರಿಸಿ ತೆಗೆದಾಗ 80 ಶೇಕಡಾ, ತೆಗೆಯದಿದ್ದಾಗ 32 ಶೇಕಡಾ.

ಈ ಅಂಕಿಗಳನ್ನು ಎರಡು ಕಡೆಯಿಂದ ಓದಬೇಕು. ಸರ್ಜರಿ ನಿಜಕ್ಕೂ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ. ಜೊತೆಗೆ, ಏನೂ ತೆಗೆಯದಿದ್ದರೂ ನಾಲ್ವರಲ್ಲೋ ಮೂವರಲ್ಲೋ ಒಬ್ಬರಿಗೆ ಕೆಲವು ತಿಂಗಳು ಆರಾಮ ಅನಿಸಿದೆ. ಚೆನ್ನಾಗಿ ತೆಗೆದರೂ ಐವರಲ್ಲಿ ಒಬ್ಬರಿಗೆ ಗುಣ ಸಿಕ್ಕಿಲ್ಲ. ಇವು ಚಿಕ್ಕ ಪ್ರಯೋಗಗಳು, ಆರು ತಿಂಗಳ ಮಾತು. ಪೊರೆಯ ಮೇಲಿನ ಚುಕ್ಕೆಗಳನ್ನು ತೆಗೆಯುವುದರಿಂದ ನೋವಿಗೆ ನಿಜಕ್ಕೂ ಎಷ್ಟು ಲಾಭ ಎಂದು ತಿಳಿಯಲು ಬ್ರಿಟನ್‌ನಲ್ಲಿ ದೊಡ್ಡ ಪ್ರಯೋಗವನ್ನೇ ಕೈಗೆತ್ತಿಕೊಳ್ಳಬೇಕಾಯಿತು ಎಂದರೆ, ದಶಕಗಳಿಂದ ಮಾಡುತ್ತಿರುವ ಆಪರೇಷನ್ನಿಗೂ ಪುರಾವೆ ಎಷ್ಟು ತೆಳುವಾಗಿದೆ ನೋಡಿ. ಹೆಣ್ಣುಮಕ್ಕಳ ನೋವಿನ ಸಂಶೋಧನೆಗೆ ಹಣವೂ ಗಮನವೂ ಕಡಿಮೆ ಸಿಕ್ಕಿದ್ದರ ಫಲ ಇದು. ನನಗೆ ಇದರ ಬಗ್ಗೆ ಸಿಟ್ಟಿದೆ.

ಮರುಕಳಿಸುವುದರ ಬಗ್ಗೆ 2009ರ ಒಂದು ವಿಮರ್ಶೆ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿತು. ಎರಡು ವರ್ಷದಲ್ಲಿ ಸುಮಾರು 21.5 ಶೇಕಡಾ, ಐದು ವರ್ಷದಲ್ಲಿ 40ರಿಂದ 50 ಶೇಕಡಾ. ಹಾಗಾಗಿಯೇ ತಕ್ಷಣಕ್ಕೆ ಗರ್ಭ ಬೇಡ ಎನ್ನುವವರಿಗೆ ಸರ್ಜರಿಯ ನಂತರ ಹಾರ್ಮೋನ್ ಚಿಕಿತ್ಸೆ ಹೇಳುತ್ತಾರೆ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ ಅಥವಾ ಗರ್ಭನಿರೋಧಕ ಮಾತ್ರೆಯನ್ನು ಕನಿಷ್ಠ 18ರಿಂದ 24 ತಿಂಗಳು ಬಳಸಿದರೆ ಮುಟ್ಟಿನ ನೋವು ಮರಳುವುದು ಕಡಿಮೆ ಎನ್ನುವುದು ಯುರೋಪಿನ ಮಾರ್ಗಸೂಚಿಯ ಮಾತು. 'ಆಪರೇಷನ್ ಆದ ಮೇಲೂ ಮಾತ್ರೆಯಾ?' ಎಂದು ಬೇಸರವಾಗುವುದು ಸಹಜ. ಆದರೆ ಕಳೆ ಕಿತ್ತ ಗದ್ದೆಯನ್ನು ಹಾಗೇ ಬಿಟ್ಟರೆ ಮತ್ತೆ ಕಳೆ ಬರುತ್ತದೆ. ಈ ಮಾತ್ರೆಯನ್ನು ಆಪರೇಷನ್ನಿನದೇ ಉಳಿದ ಭಾಗ ಎಂದು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಮಗುವಿಗಾಗಿ ಸರ್ಜರಿ ಮಾಡಿಸುವವರ ಲೆಕ್ಕ ಬೇರೆ. 1997ರಲ್ಲಿ ಕೆನಡಾದ ಪ್ರಯೋಗದಲ್ಲಿ ಮೊದಲೆರಡು ಹಂತದ ಕಾಯಿಲೆ ಇದ್ದ 341 ಹೆಂಗಸರನ್ನು 36 ವಾರ ಗಮನಿಸಿದರು. ಗಾಯ ತೆಗೆದವರಲ್ಲಿ 30.7 ಶೇಕಡಾ, ತೆಗೆಯದವರಲ್ಲಿ 17.7 ಶೇಕಡಾ ಮಂದಿಗೆ ಗರ್ಭ ನಿಂತು 20 ವಾರ ದಾಟಿತು. ಆಮೇಲೆ ಬಂದ ಇಟಲಿಯ ಚಿಕ್ಕ ಪ್ರಯೋಗದಲ್ಲಿ ಈ ಲಾಭ ಕಾಣಲಿಲ್ಲ. ಗಂಡ ಹೆಂಡತಿ ಇಬ್ಬರ ವಯಸ್ಸು, ಅಂಡಾಣುಗಳ ಉಳಿಕೆ, ಗಂಡನ ವೀರ್ಯಪರೀಕ್ಷೆ, ಅಂಡನಾಳಗಳ ಸ್ಥಿತಿ ಎಲ್ಲ ನೋಡಿಯೇ ಮೊದಲು ಸರ್ಜರಿಯೋ, ಪ್ರಯೋಗಾಲಯದಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಐವಿಎಫ್ಫೋ ಎಂದು ತೀರ್ಮಾನಿಸಬೇಕು. ಐವಿಎಫ್ ಚೆನ್ನಾಗಿ ಆಗಲಿ ಎಂದಷ್ಟಕ್ಕೇ ಚಾಕೊಲೇಟ್ ಸಿಸ್ಟ್ ತೆಗೆಸುವುದನ್ನು ಮಾರ್ಗಸೂಚಿ ಒಪ್ಪುವುದಿಲ್ಲ.

ಗರ್ಭಕೋಶ ತೆಗೆಸಿಬಿಟ್ಟರೆ ಎಲ್ಲ ಮುಗಿಯುತ್ತದೆ ಎನ್ನುವ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ಕಾಯಿಲೆ ಇರುವುದೇ ಗರ್ಭಕೋಶದ ಹೊರಗೆ. ಗಾಯಗಳನ್ನು ಬಿಟ್ಟು ಗರ್ಭಕೋಶ ಮಾತ್ರ ತೆಗೆದರೆ ನೋವು ಉಳಿಯಬಹುದು. ಗರ್ಭಕೋಶದ ಗೋಡೆಯೊಳಗೇ ಬೆಳೆಯುವ ಅಡೆನೊಮಯೋಸಿಸ್ ಕೂಡ ಇದ್ದು, ಮಕ್ಕಳ ಯೋಚನೆ ಮುಗಿದಿದ್ದರೆ ಆ ಮಾತು ಬೇರೆ.

ಸರ್ಜರಿಯ ನಂತರವೂ ನೋವು ಉಳಿದರೆ ಅಥವಾ ಮರಳಿದರೆ ನೇರ ಎರಡನೇ ಲ್ಯಾಪ್ರೊಸ್ಕೋಪಿಗೆ ಓಡಬೇಡಿ. ವರ್ಷಗಟ್ಟಲೆ ನೋವು ತಿಂದ ನರವ್ಯವಸ್ಥೆ ಸಣ್ಣ ಸಂಕೇತವನ್ನೂ ದೊಡ್ಡ ನೋವಾಗಿ ಓದಲು ಕಲಿತಿರುತ್ತದೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಂಡೇ ಇರುತ್ತವೆ. ಇವಕ್ಕೆ ಕತ್ತರಿಯಲ್ಲಿ ಉತ್ತರ ಇಲ್ಲ, ಆ ಸ್ನಾಯುಗಳ ಫಿಸಿಯೋಥೆರಪಿ ಮತ್ತು ನರನೋವಿನ ಔಷಧಿಗಳಿಂದ ಸಹಾಯ ಸಿಗಬಹುದು. ಅಡೆನೊಮಯೋಸಿಸ್ ಇದೆಯಾ, ಮೊದಲ ಸಲ ಏನಾದರೂ ಬಿಟ್ಟಿದ್ದಾರಾ ಎಂದು ಹೊಸದಾಗಿ ಸ್ಕ್ಯಾನ್ ಮಾಡಿ ನೋಡಬೇಕು. ಇದಕ್ಕೆಲ್ಲ ಮೊದಲ ಆಪರೇಷನ್ನಿನ ದಾಖಲೆ ಬೇಕಾಗುತ್ತದೆ. ಎಲ್ಲೆಲ್ಲಿ ಏನು ಕಂಡಿತು, ಏನು ತೆಗೆದರು, ಏನನ್ನು ಬೇಕೆಂದೇ ಬಿಟ್ಟರು ಎನ್ನುವ ಪೂರ್ತಿ ಟಿಪ್ಪಣಿ, ಒಳಗಿನ ಫೋಟೋ ಅಥವಾ ವಿಡಿಯೋ, ಪ್ರಯೋಗಾಲಯದ ವರದಿ. ಡಿಸ್ಚಾರ್ಜ್ ಚೀಟಿಯಲ್ಲಿ ಹೆಚ್ಚಾಗಿ ಎರಡೇ ಸಾಲು ಇರುತ್ತದೆ, ಅದು ಸಾಲದು. ಮನೆಗೆ ಹೊರಡುವ ಮುಂಚೆಯೇ ಕೇಳಿ ಪಡೆದುಕೊಳ್ಳಿ. ಐದು ವರ್ಷದ ನಂತರ ಬೇರೆ ಸರ್ಜನ್ ಎದುರು ಕೂತಾಗ ಅವರು ಮೊದಲು ಕೇಳುವುದು ಅದನ್ನೇ.